ಸಾಕು ಮೊಲದ ರೋಸ್ಟ್: ಹಸಿ ಹರ್ಬ್‌ಗಳ ಜೊತೆ, ಮನೆಯ ಓವನ್‌ನಲ್ಲಿ, ಒಣಗದ ಹಾಗೆ

ಮೊಲದ ರೋಸ್ಟ್ ಬಗ್ಗೆ ಜನ ಹೇಳುವ ದೂರು ಒಂದೇ: ಒಣಗಿಹೋಗುತ್ತದೆ, ಅಗಿದಷ್ಟೂ ನಾರು. ದೂರು ಸುಳ್ಳಲ್ಲ. ಕೋಳಿ ಮಾಡುವ ಹಾಗೆ ಇಡೀ ಮೊಲಕ್ಕೆ ಮಸಾಲೆ ಸವರಿ ಓವನ್‌ಗೆ ತಳ್ಳಿದರೆ ಬಹುಪಾಲು ಹಾಗೇ ಆಗುತ್ತದೆ. ತಪ್ಪು ಮಸಾಲೆಯದಲ್ಲ. ಮೊಲ ಕೋಳಿಯಲ್ಲ, ಅಷ್ಟೇ.

ಕೋಳಿಗೆ ಚರ್ಮ ಇದೆ, ಚರ್ಮದ ಕೆಳಗೆ ಕೊಬ್ಬು ಇದೆ. ಬೇಯುವಾಗ ಆ ಕೊಬ್ಬು ಕರಗಿ ಮಾಂಸವನ್ನು ಕಾಯುತ್ತದೆ. ಮೊಲದ ಚರ್ಮವನ್ನು ಸುಲಿದೇ ಮಾರುತ್ತಾರೆ. ಇರುವ ಒಂದಿಷ್ಟು ಕೊಬ್ಬು ಕಿಡ್ನಿಯ ಸುತ್ತ ಮತ್ತು ಹೆಗಲಿನ ಹತ್ತಿರ ಇರುತ್ತದೆ, ಮಾಂಸದ ಒಳಗೆ ಇಲ್ಲವೆಂದೇ ಹೇಳಬಹುದು. ಉತ್ತರ ಅಮೆರಿಕದ ಹಿಮದ ಕಾಡುಗಳಲ್ಲಿ ಬೇರೇನೂ ಸಿಗದೆ ಕೊಬ್ಬಿಲ್ಲದ ಮೊಲವನ್ನಷ್ಟೇ ತಿಂದವರು ಹೊಟ್ಟೆ ತುಂಬ ತಿಂದೂ ಕಾಯಿಲೆ ಬೀಳುತ್ತಿದ್ದರು. ಮಾಂಸ ಅಷ್ಟು ತೆಳು. ನಾವು ಬೆಣ್ಣೆ, ಎಣ್ಣೆ ಹಾಕಿ ಮಾಡುವುದರಿಂದ ಆ ಚಿಂತೆ ನಮಗಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಒಂದೇ ಮೊಲದಲ್ಲಿ ಎರಡು ಬಗೆಯ ಮಾಂಸ ಇದೆ. ಬೆನ್ನುಮೂಳೆಯ ಎರಡೂ ಪಕ್ಕ ಉದ್ದಕ್ಕೆ ಇರುವ ಮಾಂಸ ಮೆತ್ತಗಿನದು. 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತಿನ್ನಲು ಸಿದ್ಧ, ಅಲ್ಲಿಂದ ಮುಂದೆ ಹೋದಷ್ಟೂ ನೀರು ಬಿಟ್ಟು ಒಣಗುತ್ತದೆ. ಹಿಂಗಾಲು ಹಾಗಲ್ಲ. ಅದು ಜೀವಮಾನವಿಡೀ ಜಿಗಿದ ಕಾಲು. ಅದರೊಳಗಿನ ಗಟ್ಟಿ ನಾರು, ಪೊರೆಗಳು ಕರಗಿ ಮೆತ್ತಗಾಗಬೇಕಾದರೆ 80 ಡಿಗ್ರಿ ದಾಟಬೇಕು, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಎರಡನ್ನೂ ಒಟ್ಟಿಗೆ ಒಳಗಿಟ್ಟು ಒಟ್ಟಿಗೆ ತೆಗೆದರೆ ಒಂದು ಹಾಳಾಗಲೇಬೇಕು ಅಲ್ವಾ?

ಅದಕ್ಕೇ ಇಲ್ಲಿ ಹೇಳುವ ವಿಧಾನದಲ್ಲಿ ಮೊಲವನ್ನು ಬಿಡಿಸಿಕೊಂಡು, ಕಾಲುಗಳನ್ನು ಮೊದಲು ಓವನ್‌ಗೆ ಇಟ್ಟು, ಬೆನ್ನನ್ನು ಕೊನೆಗೆ ಸೇರಿಸುತ್ತೇವೆ. ಇಡೀ ಮೊಲ ತಟ್ಟೆಯಲ್ಲಿ ನೋಡಲು ಚೆಂದ, ನಿಜ. ತಿನ್ನಲು ಬಿಡಿಸಿದ್ದೇ ಚೆಂದ.

ಎಂಥ ಮೊಲ ಬೇಕು

ರೋಸ್ಟ್‌ಗೆ ಎಳೆಯದೇ ಆಗಬೇಕು. ಮೂರು ತಿಂಗಳೊಳಗಿನ, ಚರ್ಮ ಸುಲಿದು ಶುಚಿ ಮಾಡಿದ ಮೇಲೆ ಒಂದರಿಂದ ಒಂದೂವರೆ ಕಿಲೋ ತೂಗುವ ಮೊಲ ಸರಿಯಾದದ್ದು. ನಾಲ್ಕು ಜನರಿಗೆ ಸಾಕು. ಮಾಂಸಕ್ಕೆಂದು ಸಾಕುವ ನ್ಯೂಜಿಲೆಂಡ್ ವೈಟ್, ಕ್ಯಾಲಿಫೋರ್ನಿಯನ್ ತಳಿಗಳು ಈ ತೂಕಕ್ಕೆ ಬೇಗ ಬರುತ್ತವೆ. ಎಂಟು ತಿಂಗಳು ದಾಟಿದ, ಎರಡು ಕಿಲೋ ಹತ್ತಿರದ ಮೊಲ ಸಿಕ್ಕರೆ ಅದನ್ನು ರೋಸ್ಟ್ ಮಾಡಲು ಹೋಗಬೇಡಿ. ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಸಾರು ಬಿಟ್ಟು ಬೇಯಿಸುವುದೇ ಅದಕ್ಕೆ ಸರಿ.

ಎಳೆಯದನ್ನು ಗುರುತಿಸುವುದು ಕಷ್ಟವಲ್ಲ. ಮಾಂಸ ತಿಳಿ ಗುಲಾಬಿ ಬಣ್ಣ ಇರುತ್ತದೆ, ನಯವಾಗಿರುತ್ತದೆ. ವಯಸ್ಸಾದದ್ದರ ಬಣ್ಣ ಗಾಢ, ಎಳೆಗಳು ಒರಟು. ವಾಸನೆ ಹೆಚ್ಚುಕಮ್ಮಿ ಏನೂ ಇರಬಾರದು. ಮೇಲ್ಮೈ ಅಂಟಂಟಾಗಿದ್ದರೆ ಬೇಡ. ಸಾಧ್ಯವಾದರೆ ಲಿವರ್ ಜೊತೆಗೇ ಕೇಳಿ. ಲಿವರ್ ಮೇಲೆ ಬಿಳಿ ಚುಕ್ಕೆಗಳಿದ್ದರೆ ಮೊಲಕ್ಕೆ ಏನೋ ಸೋಂಕು ಇತ್ತು ಎಂದರ್ಥ. ಅಂಥದ್ದನ್ನು ಕೊಳ್ಳದಿರುವುದೇ ಒಳ್ಳೆಯದು.

ಆಗಷ್ಟೇ ಕೊಯ್ದ ಮೊಲ ಸಿಕ್ಕರೆ ಆ ದಿನವೇ ಅಡುಗೆಗೆ ಇಳಿಯಬೇಡಿ. ಪ್ರಾಣಿ ಸತ್ತ ಮೇಲೆ ಸ್ನಾಯುಗಳು ಕೆಲವು ಗಂಟೆ ಸೆಟೆದು ನಿಲ್ಲುತ್ತವೆ. ಆ ಸ್ಥಿತಿಯಲ್ಲಿ ಬೇಯಿಸಿದರೆ ಎಷ್ಟೇ ಎಳೆಯದಾದರೂ ಗಟ್ಟಿ. ಫ್ರಿಜ್‌ನಲ್ಲಿ ಒಂದು ದಿನ ಬಿಟ್ಟರೆ ಸಡಿಲವಾಗುತ್ತದೆ. ಎರಡು ದಿನದೊಳಗೆ ಅಡುಗೆ ಮಾಡಿ, ಇಲ್ಲವಾದರೆ ಫ್ರೀಜರ್‌ಗೆ ಹಾಕಿ. ಫ್ರೀಜರ್‌ನಲ್ಲಿ ಇಡೀ ಮೊಲ ಒಂದು ವರ್ಷದವರೆಗೂ ರುಚಿ ಕೆಡದೆ ಇರುತ್ತದೆ. ಕರಗಿಸುವುದು ಫ್ರಿಜ್‌ನ ಕೆಳಗಿನ ಅಂತಸ್ತಿನಲ್ಲಿ, ಒಂದು ಇಡೀ ದಿನ. ಅವಸರ ಇದ್ದರೆ ನೀರು ಒಳಗೆ ಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಲ್ಲಿ ಮುಳುಗಿಸಿ, ಪ್ರತಿ ಅರ್ಧ ಗಂಟೆಗೆ ನೀರು ಬದಲಿಸಿ. ಅಡುಗೆ ಕಟ್ಟೆಯ ಮೇಲೆ ಸುಮ್ನೆ ಬಿಡುವುದು ಬೇಡ.

ಇನ್ನೊಂದು ಮಾತು. ಇದು ಸಾಕು ಮೊಲದ ಅಡುಗೆ. ಕಾಡಿನದರ ಮಾಂಸ ಗಾಢ ಬಣ್ಣದ್ದು, ಇನ್ನೂ ಗಟ್ಟಿ, ಜೊತೆಗೆ ಟ್ಯುಲರೀಮಿಯಾದಂಥ ಸೋಂಕಿನ ಅಪಾಯವೂ ಇದೆ. ಈ ವಿಧಾನ ಅದಕ್ಕೆ ಹೊಂದುವುದಿಲ್ಲ.

ಬೇಕಾಗುವ ಸಾಮಾನು

ಸುಮಾರು 1.3 ಕಿಲೋ ತೂಕದ ಒಂದು ಮೊಲ. ಉಪ್ಪುನೀರಿಗೆ ಒಂದೂವರೆ ಲೀಟರ್ ನೀರು, 75 ಗ್ರಾಂ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ. ಉಪ್ಪು ಹಾಕದ ಬೆಣ್ಣೆ 100 ಗ್ರಾಂ, ಆಲಿವ್ ಎಣ್ಣೆ ಅಥವಾ ವಾಸನೆ ಇಲ್ಲದ ಬೇರೆ ಯಾವುದಾದರೂ ಎಣ್ಣೆ ಎರಡು ಚಮಚ. ಈರುಳ್ಳಿ ಮೂರು, ಕ್ಯಾರೆಟ್ ಒಂದು, ಬೆಳ್ಳುಳ್ಳಿ ಒಂದು ಇಡೀ ಗೆಡ್ಡೆ, ನಿಂಬೆಹಣ್ಣು ಒಂದು, ಸಾಸಿವೆ ಪೇಸ್ಟ್ ಒಂದು ಚಮಚ, ಕಾಳುಮೆಣಸು.

ಹರ್ಬ್‌ಗಳು, ಎಲ್ಲವೂ ಹಸಿಯದೇ: ಥೈಮ್ ಹತ್ತು ಕಡ್ಡಿ, ರೋಸ್‌ಮೆರಿ ಎರಡು ಕಡ್ಡಿ, ಸೇಜ್ ಎಂಟು ಎಲೆ, ಪಾರ್ಸ್ಲಿ ಒಂದು ಹಿಡಿ, ಸಿಕ್ಕರೆ ಟ್ಯಾರಗನ್ ಎರಡು ಕಡ್ಡಿ.

ಪಾತ್ರೆಗಳಲ್ಲಿ ದಪ್ಪ ತಳದ ಬಾಣಲೆ, ಕಾಲುಗಳು ಒಂದೇ ಸಾಲಲ್ಲಿ ಕೂರುವಷ್ಟು ಅಗಲದ ಓವನ್ ಟ್ರೇ, ಫಾಯಿಲ್, ಹತ್ತಿಯ ದಾರ. ಇವೆಲ್ಲಕ್ಕಿಂತ ಮುಖ್ಯ ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್. ಮೊಲದ ವಿಷಯದಲ್ಲಿ ಅದಿಲ್ಲದೆ ಹೊರಡುವುದು ಬೇಡ ಎಂದೇ ನನ್ನ ಅಭಿಪ್ರಾಯ. ಬಣ್ಣ ನೋಡಿ ಹೇಳಲು ಬರುವುದಿಲ್ಲ. ಪೂರ್ತಿ ಬೆಂದ ಮೇಲೂ ಮೂಳೆಯ ಹತ್ತಿರ ಗುಲಾಬಿ ಛಾಯೆ ಉಳಿಯಬಹುದು.

ಮೊಲವನ್ನು ಬಿಡಿಸುವುದು

ಮೊದಲು ಒಂದು ಎಚ್ಚರ. ದಪ್ಪ ಕತ್ತಿಯಿಂದ ಹೊಡೆದು ತುಂಡು ಮಾಡಬೇಡಿ. ಮೊಲದ ಮೂಳೆ ತೆಳು, ಹೊಡೆದರೆ ಸೂಜಿಯಂಥ ಚೂರುಗಳಾಗಿ ಸಿಡಿಯುತ್ತದೆ. ಆ ಚೂರು ಬಾಯಿಗೆ ಸಿಕ್ಕಿದರೆ ಊಟ ಅಲ್ಲಿಗೆ ಮುಗಿಯಿತು. ಹರಿತವಾದ ಸಣ್ಣ ಚಾಕು, ಗಟ್ಟಿಮುಟ್ಟಾದ ಅಡುಗೆ ಕತ್ತರಿ ಇದ್ದರೆ ಸಾಕು. ಕೀಲು ಹುಡುಕಿ ಕತ್ತರಿಸಿದರೆ ಮೂಳೆ ಮುರಿಯುವ ಅಗತ್ಯವೇ ಬಹುಪಾಲು ಬರುವುದಿಲ್ಲ.

ಮಾಂಸವನ್ನು ನಲ್ಲಿಯ ಕೆಳಗೆ ತೊಳೆಯಬೇಡಿ. ಸಿಡಿದ ನೀರು ಸಿಂಕ್, ಪಾತ್ರೆ, ಕಟ್ಟೆಗೆಲ್ಲ ಕ್ರಿಮಿ ಹರಡುತ್ತದೆ, ಅಷ್ಟೇ ಲಾಭ. ಪೇಪರ್ ಟವೆಲ್‌ನಿಂದ ಒಳಗೂ ಹೊರಗೂ ಒತ್ತಿ ಒರಸಿ.

ಒಳಗೆ ಲಿವರ್, ಕಿಡ್ನಿ ಇದ್ದರೆ ಮೊದಲು ತೆಗೆಯಿರಿ. ಲಿವರ್‌ಗೆ ಅಂಟಿಕೊಂಡು ಹಸಿರು ಬಣ್ಣದ ಪುಟ್ಟ ಪಿತ್ತಕೋಶ ಇದ್ದೀತು. ಅದು ಒಡೆಯದ ಹಾಗೆ, ಸುತ್ತಲಿನ ಒಂದು ಚೂರು ಲಿವರ್ ಸಮೇತ ಕತ್ತರಿಸಿ ಬಿಸಾಕಿ. ಒಡೆದರೆ ತಾಗಿದ ಜಾಗವೆಲ್ಲ ಕಹಿ.

ಮುಂಗಾಲಿನಿಂದ ಶುರು ಮಾಡಿ, ಅದು ಅತಿ ಸುಲಭ. ಹೆಗಲ ಮೂಳೆಗೂ ಎದೆಗೂಡಿಗೂ ನಡುವೆ ಕೀಲೇ ಇಲ್ಲ, ಬರೀ ಮಾಂಸದಿಂದ ಅಂಟಿಕೊಂಡಿರುತ್ತದೆ. ಕಾಲನ್ನು ಹೊರಕ್ಕೆ ಎಳೆದು ಹಿಡಿದು, ಪಕ್ಕೆಲುಬಿಗೆ ಚಾಕು ತಾಗಿಸಿಕೊಂಡೇ ಕೊಯ್ಯುತ್ತ ಹೋದರೆ ಹೆಗಲ ಸಮೇತ ಬಂದುಬಿಡುತ್ತದೆ.

ಹಿಂಗಾಲಿಗೆ ಮೊಲವನ್ನು ಅಂಗಾತ ಮಲಗಿಸಿ. ತೊಡೆಯ ಒಳಭಾಗದಲ್ಲಿ, ಸೊಂಟದ ಮೂಳೆಗೆ ಅಂಟಿಕೊಂಡ ಹಾಗೆ ಕೊಯ್ಯಿರಿ. ಕಾಲನ್ನು ಹಿಂದಕ್ಕೆ ಬಗ್ಗಿಸಿದರೆ ಗುಂಡನೆಯ ಕೀಲು ಟಕ್ ಎಂದು ಹೊರಗೆ ಬರುತ್ತದೆ. ಅದರ ಸುತ್ತ ಚಾಕು ಆಡಿಸಿದರೆ ಕಾಲು ಕೈಗೆ ಬಂದಂತೆಯೇ. ತೊಡೆ, ಕೆಳಗಾಲು ಬೇರೆ ಮಾಡಬೇಡಿ, ಒಂದೇ ತುಂಡಾಗಿರಲಿ.

ಈಗ ಉಳಿದದ್ದು ಉದ್ದನೆಯ ನಡುಭಾಗ. ಪಕ್ಕೆಲುಬು ಮುಗಿದು ಬೆನ್ನಿನ ದಪ್ಪ ಮಾಂಸ ಶುರುವಾಗುವ ಕಡೆ, ಕೊನೆಯ ಎರಡು ಪಕ್ಕೆಲುಬು ಬೆನ್ನಿನ ಕಡೆಗೇ ಉಳಿಯುವ ಹಾಗೆ ಅಡ್ಡಕ್ಕೆ ಕೊಯ್ಯಿರಿ. ಬೆನ್ನುಮೂಳೆ ಬಂದಾಗ ಎರಡು ಕೈಯಲ್ಲಿ ಹಿಡಿದು ಹಿಂದಕ್ಕೆ ಮಡಚಿದರೆ ಗಂಟು ಬಿಡುತ್ತದೆ, ಆಮೇಲೆ ಕತ್ತರಿ ಸಾಕು. ಸೊಂಟದ ಮೂಳೆಯನ್ನೂ ಹೀಗೇ ಬೇರೆ ಮಾಡಿ.

ಬೆನ್ನಿನ ತುಂಡಿನ ಎರಡೂ ಪಕ್ಕದಲ್ಲಿ ತೆಳ್ಳನೆಯ ಹೊಟ್ಟೆಯ ಪದರ ಜೋತಾಡುತ್ತಿರುತ್ತದೆ. ಅದನ್ನು ಕತ್ತರಿಸಿ ಎಸೆಯಬೇಡಿ, ಮುಂದೆ ತುಂಬ ಉಪಯೋಗ ಇದೆ. ಬೆನ್ನಿನ ಮೇಲೆ ಬೆಳ್ಳಗೆ ಹೊಳೆಯುವ ಪೊರೆ ಇರುತ್ತದೆ. ಬೇಯುವಾಗ ಅದು ಕುಗ್ಗಿ ಮಾಂಸವನ್ನು ಹಿಂಡುತ್ತದೆ. ಚಾಕುವಿನ ತುದಿಯನ್ನು ಪೊರೆಯ ಕೆಳಗೆ ತೂರಿಸಿ, ಅಲಗನ್ನು ಸ್ವಲ್ಪ ಮೇಲ್ಮುಖ ಮಾಡಿ ಜಾರಿಸಿದರೆ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಒಂದಿಷ್ಟು ಉಳಿದರೂ ಪರವಾಗಿಲ್ಲ. ಪೊರೆ ತೆಗೆಯಲು ಹೋಗಿ ಮಾಂಸವೇ ಹರಿದರೆ ನಷ್ಟ ಜಾಸ್ತಿ.

ಪಕ್ಕೆಲುಬು, ಕುತ್ತಿಗೆ, ಸೊಂಟದ ಮೂಳೆ ರೋಸ್ಟ್‌ಗೆ ಬೇಡ. ಇವು ಸಾರಕ್ಕೆ.

ಉಪ್ಪುನೀರು ಮತ್ತು ಮೂಳೆಯ ಸಾರ

ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ. ಉಪ್ಪು, ಸಕ್ಕರೆಯನ್ನು ಒಂದು ಲೋಟ ಬಿಸಿನೀರಲ್ಲಿ ಕರಗಿಸಿ, ಉಳಿದ ತಣ್ಣೀರು ಬೆರೆಸಿ. ಪೂರ್ತಿ ತಣ್ಣಗಾದ ಮೇಲೆಯೇ ಮಾಂಸ ಮುಳುಗಿಸಿ. ಎರಡು ಕಡ್ಡಿ ಥೈಮ್ ಹಿಸುಕಿ ಹಾಕಬಹುದು. ಅದರಿಂದ ಬರುವ ರುಚಿ ಅಲ್ಪ, ಉಪ್ಪಿನದೇ ಇಲ್ಲಿ ಮುಖ್ಯ ಕೆಲಸ. ಉಪ್ಪು ಒಳಗೆ ಇಳಿದ ಸ್ನಾಯು ಬೇಯುವಾಗ ಕಡಿಮೆ ಹಿಂಡಿಕೊಳ್ಳುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊಬ್ಬಿಲ್ಲದ ಮಾಂಸಕ್ಕೆ ಇದು ದೊಡ್ಡ ಸಹಾಯ.

ಫ್ರಿಜ್‌ನಲ್ಲಿ ಮೂರರಿಂದ ನಾಲ್ಕು ಗಂಟೆ ಇಡಿ. ರಾತ್ರಿಯಿಡೀ ಬೇಡ. ಸಣ್ಣ ತುಂಡುಗಳು, ಉಪ್ಪಾಗಿ ಬಿಡುತ್ತವೆ. ನೀರಿನ ರಗಳೆ ಬೇಡ ಎನ್ನುವವರು ಕಿಲೋಗೆ 12 ಗ್ರಾಂ ಉಪ್ಪನ್ನು ಸಮನಾಗಿ ಸವರಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಬಹುದು, ಅದೂ ಕೆಲಸ ಮಾಡುತ್ತದೆ. ಪ್ಯಾಕೆಟ್ ಮೇಲೆ ಉಪ್ಪುನೀರು ಸೇರಿಸಿದೆ ಎಂದು ಬರೆದಿದ್ದರೆ ಈ ಹಂತವನ್ನೇ ಬಿಟ್ಟುಬಿಡಿ.

ಮಾಂಸ ನೆನೆಯುವಾಗ ಮೂಳೆಗಳನ್ನು ಒಂದು ಚಮಚ ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಒಂದು ಈರುಳ್ಳಿ, ಕ್ಯಾರೆಟ್ ಸೇರಿಸಿ. ಒಂದು ಲೀಟರ್ ನೀರು ಹಾಕಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಬಿಡಿ. ಕುದಿ ಜೋರಾಗಬಾರದು, ಸಾರ ಕದಡುತ್ತದೆ. ಸೋಸಿ, ಅರ್ಧ ಲೀಟರ್‌ಗೂ ಕಡಿಮೆ ಆಗುವವರೆಗೆ ಇಂಗಿಸಿ. ಉಪ್ಪು ಹಾಕಬೇಡಿ.

ನಾಲ್ಕು ಗಂಟೆಯ ನಂತರ ಮಾಂಸವನ್ನು ನೀರಿನಿಂದ ತೆಗೆದು, ಚೆನ್ನಾಗಿ ಒರಸಿ, ಒಂದು ಗಂಟೆ ಜಾಲರಿಯ ಮೇಲೆ ಮುಚ್ಚದೆ ಫ್ರಿಜ್‌ನಲ್ಲಿ ಒಣಗಲು ಬಿಡಿ. ಒದ್ದೆ ಮಾಂಸ ಬಾಣಲೆಯಲ್ಲಿ ಕಂದಾಗುವುದಿಲ್ಲ. ನೀರೆಲ್ಲ ಆವಿಯಾಗಿ ಹೋಗುವವರೆಗೆ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ, ಕಂದು ಬಣ್ಣ ಚುರುಕಾಗಿ ಬರುವುದು 140ರ ಆಸುಪಾಸಿನಿಂದ.

ಹರ್ಬ್‌ಗಳು: ಯಾವುದು ಮೊದಲು, ಯಾವುದು ಕೊನೆಗೆ

ಒಂದು ಕಟ್ಟು ಹರ್ಬ್ ಕೊಚ್ಚಿ ಮಾಂಸದ ಮೇಲೆ ಉದುರಿಸಿ ಓವನ್‌ಗೆ ಇಡುವುದು ಎಲ್ಲರೂ ಮಾಡುವ ಕೆಲಸ. ಹೊರಗೆ ಬರುವಾಗ ಕಪ್ಪು ಪುಡಿ, ಕಹಿ ರುಚಿ. ಮಾಂಸದೊಳಗೆ ಪರಿಮಳ ಸೊನ್ನೆ.

ಈ ಸೊಪ್ಪುಗಳ ಪರಿಮಳ ಅವುಗಳ ಎಣ್ಣೆಯಲ್ಲಿದೆ. ಆ ಎಣ್ಣೆ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಮೇಕೆಯದೋ ಹಂದಿಯದೋ ಮಾಂಸವಾಗಿದ್ದರೆ ಅದರದೇ ಕೊಬ್ಬು ಪರಿಮಳವನ್ನು ಹೊತ್ತು ಎಲ್ಲ ಕಡೆ ಹರಡುತ್ತಿತ್ತು. ಮೊಲದಲ್ಲಿ ಆ ಕೊಬ್ಬಿಲ್ಲ. ಹಾಗಾಗಿ ಹರ್ಬ್‌ಗಳನ್ನು ಬೆಣ್ಣೆಗೆ ಬೆರೆಸಿಯೇ ಕೊಡಬೇಕು. ಒಣಗದ ಹಾಗೆ ಕಾಯುವುದೂ ಬೆಣ್ಣೆ, ರುಚಿ ಹೊರುವುದೂ ಅದೇ.

ರೋಸ್‌ಮೆರಿ, ಥೈಮ್, ಸೇಜ್ ಗಟ್ಟಿ ಎಲೆಯವು. ಒಂದು ಗಂಟೆ ಬಿಸಿ ತಡೆಯುತ್ತವೆ, ಬೆಂದಷ್ಟೂ ಬಿಟ್ಟುಕೊಡುತ್ತವೆ. ಇವು ಮೊದಲು. ಪಾರ್ಸ್ಲಿ, ಟ್ಯಾರಗನ್ ಮೆತ್ತನೆಯವು. ಬಿಸಿಗೆ ಅವುಗಳ ಜೀವವೇ ಹೋಗುತ್ತದೆ, ಹಸಿರೂ ಉಳಿಯದು. ಇವು ಒಲೆ ಆರಿಸಿದ ಮೇಲೆ. ಮಾರ್ಜೊರಮ್ ನಡುವಿನದು, ಬೆಣ್ಣೆಗೆ ಸ್ವಲ್ಪ, ಕೊನೆಗೆ ಸ್ವಲ್ಪ ಹಾಕಬಹುದು.

ರೋಸ್‌ಮೆರಿಯ ಬಗ್ಗೆ ನನಗೆ ಒಂದು ತಕರಾರಿದೆ. ಎಲ್ಲರೂ ಅದನ್ನು ಜಾಸ್ತಿ ಹಾಕುತ್ತಾರೆ. ಮೊಲದ ಮಾಂಸದ ರುಚಿ ಮೆಲುದನಿಯದು, ಸಣ್ಣ ಸಿಹಿ ಇದೆ. ರೋಸ್‌ಮೆರಿ ನಾಲ್ಕು ಕಡ್ಡಿಯಾದರೆ ನೀವು ತಿನ್ನುತ್ತಿರುವುದು ರೋಸ್‌ಮೆರಿಯನ್ನು, ಮೊಲವನ್ನಲ್ಲ. ಮುಂದಾಳತ್ವ ಥೈಮ್‌ಗೆ ಬಿಡಿ. ಹಸಿ ಹರ್ಬ್ ಸಿಗದೆ ಒಣಗಿದ್ದನ್ನು ಬಳಸುವುದಾದರೆ ಮೂರನೇ ಒಂದು ಪಾಲು ಸಾಕು. ಒಣ ಪಾರ್ಸ್ಲಿ ಮಾತ್ರ ಹಾಕುವುದೂ ಒಂದೇ, ಬಿಡುವುದೂ ಒಂದೇ.

ಮೆತ್ತಗಾದ ಬೆಣ್ಣೆ 75 ಗ್ರಾಂ ತೆಗೆದುಕೊಳ್ಳಿ. ನಾಲ್ಕು ಕಡ್ಡಿ ಥೈಮ್‌ನ ಎಲೆ, ಅರ್ಧ ಕಡ್ಡಿ ರೋಸ್‌ಮೆರಿಯ ಎಲೆ, ನಾಲ್ಕು ಸೇಜ್ ಎಲೆ ಸಣ್ಣಗೆ ಕೊಚ್ಚಿ. ರೋಸ್‌ಮೆರಿಯನ್ನು ಪುಡಿಯಷ್ಟು ಸಣ್ಣ ಮಾಡಿ, ಇಲ್ಲದಿದ್ದರೆ ಹಲ್ಲಿಗೆ ಚುಚ್ಚುತ್ತದೆ. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ. ಅರ್ಧ ನಿಂಬೆಯ ಸಿಪ್ಪೆಯ ಹಳದಿ ಭಾಗ ತುರಿದು ಸೇರಿಸಿ. ಕಾಳುಮೆಣಸು ಧಾರಾಳವಾಗಿ ಇರಲಿ. ಉಪ್ಪು ಬೇಡ, ಮಾಂಸದಲ್ಲಿ ಆಗಲೇ ಇದೆ. ಎಲ್ಲ ಬೆರೆಸಿ. ಏನೂ ಬೆರೆಸದೆ ಉಳಿದ 25 ಗ್ರಾಂ ಬೆಣ್ಣೆಯನ್ನು ಫ್ರಿಜ್‌ನಲ್ಲಿಡಿ. ಹಸಿ ಬೆಳ್ಳುಳ್ಳಿ ಬೆರೆತ ಬೆಣ್ಣೆಯನ್ನಾಗಲಿ ಎಣ್ಣೆಯನ್ನಾಗಲಿ ಹೊರಗೆ ದಿನಗಟ್ಟಲೆ ಇಡಬಾರದು, ಬಾಟ್ಯುಲಿಸಮ್ ಎಂಬ ಕಾಯಿಲೆ ತರುವ ಕ್ರಿಮಿ ಬೆಳೆಯಲು ಅದು ಒಳ್ಳೆಯ ಜಾಗ.

ಈಗ ಆ ಹೊಟ್ಟೆಯ ಪದರ ನೆನಪಿದೆಯಲ್ಲ. ಬೆನ್ನಿನ ತುಂಡನ್ನು ಅಂಗಾತ ಹಾಕಿ, ಒಳಭಾಗಕ್ಕೂ ಪದರಗಳಿಗೂ ಹರ್ಬ್ ಬೆಣ್ಣೆಯ ಮೂರನೇ ಎರಡು ಪಾಲು ಹಚ್ಚಿ. ಎರಡು ಪದರವನ್ನೂ ಒಳಕ್ಕೆ ಮಡಚಿ, ಮೂರು ಕಡೆ ದಾರ ಕಟ್ಟಿ. ಕರಗುವ ಬೆಣ್ಣೆ ಒಳಗೇ ಸಿಕ್ಕಿಕೊಂಡು ಬೆನ್ನಿನ ಮಾಂಸಕ್ಕೆ ಕೆಳಗಿನಿಂದ ರಕ್ಷಣೆ ಕೊಡುತ್ತದೆ. ಉಳಿದ ಬೆಣ್ಣೆ ಮೇಲ್ಭಾಗಕ್ಕೆ. ಕಟ್ಟಿದ ತುಂಡನ್ನು ಫ್ರಿಜ್‌ನಲ್ಲಿಡಿ, ಅದರ ಸರದಿ ಇನ್ನೂ ಬಂದಿಲ್ಲ.

ಓವನ್‌ನಲ್ಲಿ

ಓವನ್ ಅನ್ನು 165 ಡಿಗ್ರಿಗೆ ಕಾಯಿಸಿ. ಫ್ಯಾನ್ ಇರುವ ಓವನ್ ಆದರೆ 150 ಸಾಕು. ಸಣ್ಣ ಓವನ್‌ಗಳ ಗುಂಡಿ ತೋರಿಸುವ ಸಂಖ್ಯೆಗೂ ಒಳಗಿನ ನಿಜವಾದ ಬಿಸಿಗೂ ಬಹಳ ಸಲ ಹೊಂದಿಕೆ ಇರುವುದಿಲ್ಲ. ಒಳಗೆ ನೇತುಹಾಕುವ ಒಂದು ಅಗ್ಗದ ಥರ್ಮಾಮೀಟರ್ ಇದ್ದರೆ ಗೊಂದಲ ತಪ್ಪುತ್ತದೆ.

ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾಯಲಿ. ನಾಲ್ಕೂ ಕಾಲುಗಳನ್ನು ಇಟ್ಟು, ಅಲುಗಾಡಿಸದೆ ಒಂದೊಂದು ಬದಿ ಮೂರ್ನಾಲ್ಕು ನಿಮಿಷ ಬಿಡಿ. ಮಾಂಸ ತಾನಾಗಿ ತಳ ಬಿಟ್ಟಾಗ ತಿರುಗಿಸಿ. ಬಾಣಲೆ ಚಿಕ್ಕದಾದರೆ ಎರಡು ಸಲ ಮಾಡಿ, ಒತ್ತಾಗಿ ತುಂಬಿದರೆ ಹುರಿಯುವ ಬದಲು ಬೇಯುತ್ತದೆ. ಚರ್ಮ ಇಲ್ಲದ ಮಾಂಸ, ಬಣ್ಣ ಬರುವುದು ಇಲ್ಲೇ. ಈ ಹಂತಕ್ಕೆ ಆತುರ ಬೇಡ.

ಎರಡು ಈರುಳ್ಳಿಯನ್ನು ದಪ್ಪ ಬಿಲ್ಲೆಗಳಾಗಿ ಕತ್ತರಿಸಿ ಟ್ರೇ ತಳಕ್ಕೆ ಹಾಸಿ. ಉಳಿದ ಬೆಳ್ಳುಳ್ಳಿಯ ಎಸಳುಗಳನ್ನು ಸಿಪ್ಪೆ ಸಮೇತ ಹಾಕಿ. ಅದರ ಮೇಲೆ ಉಳಿದ ಥೈಮ್, ಒಂದು ಕಡ್ಡಿ ರೋಸ್‌ಮೆರಿ. ಹರ್ಬ್‌ಗಳ ಮೇಲೆ ಕಾಲುಗಳು. ಸೊಪ್ಪು ಮಾಂಸದ ಅಡಿಯಲ್ಲಿದ್ದರೆ ಸುಡುವುದಿಲ್ಲ, ಅದರ ಪರಿಮಳದ ಆವಿ ಮೇಲೇರಿ ಮಾಂಸಕ್ಕೆ ತಾಗುತ್ತದೆ. ಬಾಣಲೆಗೆ 200 ಮಿಲೀ ಮೂಳೆಯ ಸಾರ ಹಾಕಿ, ತಳಕ್ಕೆ ಅಂಟಿದ್ದನ್ನೆಲ್ಲ ಕೆರೆದು ಕರಗಿಸಿ ಟ್ರೇಗೆ ಸುರಿಯಿರಿ. ಬೇಕಿದ್ದರೆ ಸಾರದ ಅರ್ಧದಷ್ಟು ಜಾಗಕ್ಕೆ ಬಿಳಿ ವೈನ್ ಹಾಕಬಹುದು. ದ್ರವ ಕಾಲುಗಳ ಮೂರನೇ ಒಂದು ಭಾಗದಷ್ಟು ಬಂದರೆ ಸಾಕು, ಮುಳುಗಬಾರದು.

ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿ ಒಳಗಿಡಿ. 45 ನಿಮಿಷ ತೆರೆಯಬೇಡಿ. ಮುಚ್ಚಿ ಮಾಡಿದರೆ ಅದು ರೋಸ್ಟ್ ಹೇಗಾಗುತ್ತದೆ ಎಂದು ಕೇಳಬಹುದು. ಮೊದಲರ್ಧ ಹಬೆ, ಕೊನೆಯರ್ಧ ಒಣ ಬಿಸಿ. ಕೊಬ್ಬಿಲ್ಲದ ಕಾಲಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಸಮಯಕ್ಕೆ ಹತ್ತು ನಿಮಿಷ ಮೊದಲು ಬೆನ್ನಿನ ತುಂಡನ್ನು ಫ್ರಿಜ್‌ನಿಂದ ಹೊರಗೆ ತೆಗೆದಿಡಿ. 45 ನಿಮಿಷವಾದ ಮೇಲೆ ಫಾಯಿಲ್ ತೆಗೆಯಿರಿ. ಆವಿ ಜೋರಾಗಿ ಬರುತ್ತದೆ, ಮುಖ ದೂರ ಇರಲಿ. ದಪ್ಪ ತೊಡೆಗೆ ಮೂಳೆ ತಾಗದ ಹಾಗೆ ಥರ್ಮಾಮೀಟರ್ ಚುಚ್ಚಿ. 75ರ ಸುತ್ತಮುತ್ತ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ. 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಮುಚ್ಚಿ ಹದಿನೈದು ನಿಮಿಷ ಬಿಡಿ.

ಈಗ ಬೆನ್ನಿನ ತುಂಡನ್ನು ಕಾಲುಗಳ ನಡುವೆ, ದ್ರವದಲ್ಲಿ ಮುಳುಗದೆ ಈರುಳ್ಳಿಯ ಮೇಲೆ ಕೂರುವಂತೆ ಇಡಿ. ಓವನ್ 200ಕ್ಕೆ ಏರಿಸಿ, ಫ್ಯಾನ್ ಇದ್ದರೆ 180. ಫಾಯಿಲ್ ಬೇಡ. ಹತ್ತು ನಿಮಿಷಕ್ಕೊಮ್ಮೆ ಟ್ರೇಯಲ್ಲಿರುವ ರಸವನ್ನು ಚಮಚದಿಂದ ತೆಗೆದು ಎಲ್ಲದರ ಮೇಲೂ ಹೊಯ್ಯಿರಿ. ಓವನ್ ಬಾಗಿಲು ತೆರೆದಿಟ್ಟುಕೊಂಡು ಮಾಡಬೇಡಿ. ಟ್ರೇ ಹೊರಗೆಳೆದು, ಬಾಗಿಲು ಮುಚ್ಚಿ, ಕೆಲಸ ಮುಗಿಸಿ ಮತ್ತೆ ಒಳಗಿಡಿ.

ಬೆನ್ನಿಗೆ ಒಟ್ಟು 20ರಿಂದ 25 ನಿಮಿಷ ಹಿಡಿಯುತ್ತದೆ. ಆದರೆ 18ನೇ ನಿಮಿಷಕ್ಕೇ ಒಮ್ಮೆ ಚುಚ್ಚಿ ನೋಡಿ, ಕೊನೆಯ ಹತ್ತು ಡಿಗ್ರಿ ಬೇಗ ಏರುತ್ತದೆ. ಬೆನ್ನಿನ ದಪ್ಪ ಭಾಗದಲ್ಲಿ 71 ತೋರಿಸಿದ ತಕ್ಷಣ ಹೊರಗೆ. ಇದು ಮೊಲದ ಮಾಂಸಕ್ಕೆ ಸುರಕ್ಷಿತ ಎಂದು ಒಪ್ಪಿರುವ ಮಟ್ಟ, ಅದಕ್ಕಿಂತ ಕೆಳಗೆ ತೆಗೆಯಬೇಡಿ, ಮೇಲಕ್ಕೂ ಬಿಡಬೇಡಿ. ಕಾಲುಗಳಲ್ಲಿ 82ರಿಂದ 85 ಇರಬೇಕು. ಚಾಕು ತಡೆಯಿಲ್ಲದೆ ಇಳಿಯಬೇಕು. ಇನ್ನೂ ಗಟ್ಟಿ ಅನ್ನಿಸಿದರೆ ಬೆನ್ನನ್ನು ತೆಗೆದಿಟ್ಟು ಕಾಲುಗಳನ್ನಷ್ಟೇ ಮುಂದುವರಿಸಿ. ಬಿಡಿಸಿದ್ದರ ಲಾಭವೇ ಇದು.

ಎಲ್ಲವನ್ನೂ ಬಿಸಿ ತಟ್ಟೆಗೆ ಎತ್ತಿ, ಫಾಯಿಲ್ ಅನ್ನು ಸಡಿಲವಾಗಿ ಹೊದಿಸಿ ಹತ್ತು ನಿಮಿಷ ಬಿಡಿ. ಬಿಗಿಯಾಗಿ ಮುಚ್ಚಿದರೆ ಒಳಗಿನ ಬಿಸಿಗೇ ಬೆನ್ನು ಇನ್ನಷ್ಟು ಬೇಯುತ್ತದೆ.

ಗ್ರೇವಿ

ಆ ಹತ್ತು ನಿಮಿಷದಲ್ಲಿ ಇದನ್ನು ಮುಗಿಸಬಹುದು. ಟ್ರೇಯ ರಸವನ್ನು ಬಾಣಲೆಗೆ ಸೋಸಿ. ಬೆಂದ ಬೆಳ್ಳುಳ್ಳಿ ಎಸಳುಗಳನ್ನು ಸಿಪ್ಪೆಯಿಂದ ಹಿಂಡಿ ಅದಕ್ಕೇ ಸೇರಿಸಿ ಕಿವುಚಿ. ಉಳಿದ ಸಾರ ಹಾಕಿ ಚಮಚದ ಬೆನ್ನಿಗೆ ಅಂಟುವಷ್ಟು ಇಂಗಿಸಿ. ಸಾಸಿವೆ ಪೇಸ್ಟ್ ಬೆರೆಸಿ. ಒಲೆ ಆರಿಸಿ, ಉಳಿದ 25 ಗ್ರಾಂ ಬೆಣ್ಣೆಯನ್ನು ತಣ್ಣಗಿರುವಾಗಲೇ ತುಂಡು ತುಂಡಾಗಿ ಹಾಕಿ ಕಲಕುತ್ತಿದ್ದರೆ ಗ್ರೇವಿ ಹೊಳಪು ಬಂದು ಮಂದವಾಗುತ್ತದೆ. ಮತ್ತೆ ಕುದಿಸಿದರೆ ಬೆಣ್ಣೆ ಬೇರೆಯಾಗುತ್ತದೆ. ಈಗ ಕೊಚ್ಚಿದ ಪಾರ್ಸ್ಲಿ, ಟ್ಯಾರಗನ್, ನಾಲ್ಕು ಹನಿ ನಿಂಬೆ. ರುಚಿ ನೋಡಿದ ಮೇಲಷ್ಟೇ ಉಪ್ಪಿನ ಯೋಚನೆ.

ಲಿವರ್ ಇದ್ದರೆ, ಉಳಿದ ಸೇಜ್ ಎಲೆಗಳ ಜೊತೆ ಸ್ವಲ್ಪ ಎಣ್ಣೆಯಲ್ಲಿ ಒಳಗಿನವರೆಗೂ ಬೇಯುವ ಹಾಗೆ ಹುರಿದು, ಸಣ್ಣಗೆ ಕೊಚ್ಚಿ ಗ್ರೇವಿಗೆ ಬೆರೆಸಿ. ಲಿವರ್ ಒಲ್ಲೆ ಎನ್ನುವವರಿಗೂ ಹೀಗೆ ಕೊಟ್ಟರೆ ಗೊತ್ತಾಗುವುದೇ ಇಲ್ಲ.

ಬೆನ್ನಿನ ದಾರ ಬಿಚ್ಚಿ. ಬೆನ್ನುಮೂಳೆಯ ಪಕ್ಕಕ್ಕೆ ಉದ್ದಕ್ಕೆ ಚಾಕು ಇಳಿಸಿ ಮಾಂಸವನ್ನು ಎತ್ತಿ, ಎರಡು ಬೆರಳಗಲದ ತುಂಡು ಮಾಡಿ. ಪ್ರತಿ ತಟ್ಟೆಗೂ ಒಂದು ಕಾಲು, ಒಂದಿಷ್ಟು ಬೆನ್ನು. ಮುಂಗಾಲು ಸಿಕ್ಕವರಿಗೆ ಬೆನ್ನು ಜಾಸ್ತಿ ಕೊಟ್ಟರೆ ಜಗಳ ಇಲ್ಲ. ಟ್ರೇಯ ಈರುಳ್ಳಿಯನ್ನು ಬಿಡಬೇಡಿ. ಜೊತೆಗೆ ಬೇಯಿಸಿದ ಆಲೂಗಡ್ಡೆಯೋ ಬ್ರೆಡ್ಡೋ ಏನಾದರೂ ಸರಿ, ಗ್ರೇವಿ ಹೀರಿಕೊಳ್ಳುವಂಥದ್ದು ಇರಲಿ. ಮಕ್ಕಳಿಗೆ ಮೂಳೆ ಬಿಡಿಸಿಯೇ ಕೊಡಿ.

ಇಡಿಯಾಗಿಯೇ ಬೇಕು ಎನ್ನುವವರಿಗೆ

ಮಾಡಬಹುದು, ಕಾವಲು ಜಾಸ್ತಿ ಬೇಕು. ಒಂದು ಕಿಲೋಗಿಂತ ಸಣ್ಣ ಮೊಲ ಆರಿಸಿ. ಉಪ್ಪುನೀರಲ್ಲಿ ಐದಾರು ಗಂಟೆ ಇಡಿ. ಒಳಗೆ ಹರ್ಬ್ ಬೆಣ್ಣೆ ಸವರಿ, ಥೈಮ್ ಕಡ್ಡಿ, ಅರ್ಧ ನಿಂಬೆ ತುಂಬಿ ಹೊಟ್ಟೆ ಹೊಲಿಯಿರಿ. ಕಾಲುಗಳನ್ನು ಮೈಗೆ ಒತ್ತಿ ಕಟ್ಟಿ. ಬೆನ್ನಿನ ಉದ್ದಕ್ಕೂ ಕೊಬ್ಬಿರುವ ಬೇಕನ್ ಹೋಳುಗಳನ್ನು ಹೊದಿಸಿ. ಹಂದಿ ತಿನ್ನದವರು ಬೆಣ್ಣೆಯಲ್ಲಿ ಅದ್ದಿದ ಬೇಕಿಂಗ್ ಪೇಪರ್ ಹೊದಿಸಿ, ಮೇಲೆ ಫಾಯಿಲ್ ಹಾಕಲಿ, ಬೆನ್ನಿಗೆ ಮಾತ್ರ, ಕಾಲುಗಳು ಬಯಲಾಗಿರಲಿ. 165 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಒಳಗೆ ಬ್ರೆಡ್ ಅಥವಾ ಬೇರೆ ಹೂರಣ ತುಂಬಿದರೆ ಇನ್ನೂ ಅರ್ಧ ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಬೆನ್ನಿನ ಕಥೆ ಮುಗಿದಿರುತ್ತದೆ, ಹಾಗಾಗಿ ಹೂರಣವನ್ನು ಬೇರೆ ಬಟ್ಟಲಲ್ಲಿ ಬೇಯಿಸುವುದೇ ಲೇಸು. ಹೊದಿಕೆಯನ್ನು ಕೊನೆಯ ಹತ್ತು ನಿಮಿಷಕ್ಕೆ ತೆಗೆಯಿರಿ.

ಓವನ್ನೇ ಇಲ್ಲದವರು ಕಾಲುಗಳನ್ನು ದಪ್ಪ ತಳದ, ಬಿಗಿ ಮುಚ್ಚಳದ ಪಾತ್ರೆಯಲ್ಲಿ ಅತಿ ಸಣ್ಣ ಉರಿಯ ಮೇಲೆ ಒಂದು ಗಂಟೆ ಬೇಯಿಸಿ, ಬೆನ್ನಿನ ತುಂಡನ್ನು ಕೊನೆಯ ಅರ್ಧ ಗಂಟೆಗೆ ಸೇರಿಸಬಹುದು. ಬೆನ್ನನ್ನು ಮೊದಲೇ ಬಾಣಲೆಯಲ್ಲಿ ಕಂದು ಮಾಡಿಕೊಳ್ಳಿ. ಡಿಗ್ರಿಯ ಲೆಕ್ಕ ಅದೇ.

ಉಳಿದರೆ

ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ಮೂರ್ನಾಲ್ಕು ದಿನ ಇರುತ್ತದೆ. ಮೂಳೆಯಿಂದ ಬಿಡಿಸಿ, ಗ್ರೇವಿಯಲ್ಲಿ ಮುಳುಗಿಸಿ ಇಡಿ, ಬರೀ ಮಾಂಸ ಫ್ರಿಜ್‌ನಲ್ಲೂ ಒಣಗುತ್ತದೆ. ಬಿಸಿ ಮಾಡುವಾಗ ಆವಿ ಹೊಮ್ಮುವಷ್ಟು ಬಿಸಿಯಾಗಲಿ. ಕಾಲಿನ ಮಾಂಸ ಮತ್ತೆ ಬಿಸಿ ಮಾಡಿದರೂ ಚೆನ್ನಾಗಿರುತ್ತದೆ. ಬೆನ್ನಿನದನ್ನು ಮತ್ತೆ ಒಲೆಗೆ ಇಡುವ ಬದಲು ತೆಳ್ಳಗೆ ಹೆಚ್ಚಿ, ನಿಂಬೆ, ಪಾರ್ಸ್ಲಿ, ಎಣ್ಣೆ ಹಾಕಿ ತಣ್ಣಗೇ ತಿನ್ನಿ.